ತೇವಾಂಶ ಅಳೆಯುವ ನಾವು ರಕ್ತದೊತ್ತಡ ಅಳೆಯುವುದು ಯಾವಾಗ?



ನಮ್ಮ ಸಂಘದ ಡಿಪೋಗೆ ಕಾಫಿ ತಂದವರಿಗೆಲ್ಲ ಒಂದು ದೃಶ್ಯ ಚೆನ್ನಾಗಿ ಗೊತ್ತು. ಚೀಲ ಇಳಿಸಿದ ಕೂಡಲೇ ಗುಮಾಸ್ತರು ಒಂದು ಹಿಡಿ ಕಾಫಿ ತೆಗೆದು ತೇವಾಂಶದ ಮೀಟರಿಗೆ ಹಾಕುತ್ತಾರೆ. ಅಂಕಿ ಬರುವವರೆಗೆ ಬೆಳೆಗಾರನ ಕಣ್ಣು ಅಲ್ಲಿಂದ ಕದಲುವುದಿಲ್ಲ. ಅರ್ಧ ಪರ್ಸೆಂಟ್ ಹೆಚ್ಚು ಬಂದರೆ ವಾದ ಶುರು. 'ಆರು ದಿನ ಕಣದಲ್ಲಿ ಒಣಗಿಸಿದ್ದೇನೆ ಸ್ವಾಮಿ, ಇನ್ನೊಂದು ಸಲ ಹಾಕಿ ನೋಡಿ' ಎನ್ನುತ್ತೇವೆ. ಅಡಿಕೆ ತಂದವರೂ ಕಡಿಮೆಯೇನಲ್ಲ. ಒಂದೊಂದು ಕಾಯನ್ನು ಕತ್ತರಿಸಿ ನೋಡುವವರೆಗೆ ಅವರಿಗೆ ಸಮಾಧಾನವಿಲ್ಲ.

ಅದೇ ಸಾಲಿನಲ್ಲಿ ನಿಂತವರನ್ನು, 'ನಿಮ್ಮ ರಕ್ತದೊತ್ತಡ ಎಷ್ಟು?' ಎಂದು ಕೇಳಿ ನೋಡಿ. ಕಳೆದ ಹಂಗಾಮಿನಲ್ಲಿ ನಾನು ಕೇಳಿ ನೋಡಿದೆ. ಕೆಲವರು ನಕ್ಕರು. ಕೆಲವರು 'ನನಗೆ ಅಂಥದ್ದೇನೂ ಇಲ್ಲ' ಎಂದರು. ಅಳೆಸಿದ್ದೀರಾ ಎಂದರೆ ಅಳೆಸಿಲ್ಲ. ಅಳೆಸದೆ 'ಇಲ್ಲ' ಎಂದು ಹೇಳುವ ಧೈರ್ಯವನ್ನು ನಾವು ಕಾಫಿ ಚೀಲದ ವಿಷಯದಲ್ಲಿ ಎಂದಾದರೂ ತೋರಿಸಿದ್ದೇವೆಯೇ?

ನನ್ನಲ್ಲೂ ಆ ಧೈರ್ಯ ಇತ್ತು. ಅದು ಹೋದದ್ದು ಹೇಗೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಸಂಘದ ಮುಂದೆ ಒಂದು ವಿನಂತಿ ಇಡುತ್ತೇನೆ.

ಆ ದಿನ ಆದದ್ದು

ಎರಡು ವರ್ಷದ ಹಿಂದೆ, ಜನವರಿ ತಿಂಗಳು. ರೋಬಸ್ಟಾ ಕೊಯ್ಲು ಜೋರಾಗಿತ್ತು. ಬೆಳಿಗ್ಗೆ ಆರೂವರೆಗೆ ನನ್ನ ಅಣ್ಣ ಕಾಫಿ ತಿರುವಲು ಕಣಕ್ಕೆ ಬಂದ. ಅವನಿಗೆ ಆಗ ಐವತ್ತೆಂಟು ವರ್ಷ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ಕೈಯಲ್ಲಿದ್ದ ಹಲುಬೆ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಏನೋ ಹೇಳಲು ಹೋದ, ಮಾತು ತೊದಲಿತು. ತುಟಿ ಒಂದು ಕಡೆಗೆ ವಾಲಿತ್ತು.

ಮನೆಯವರೆಲ್ಲ ಸೇರಿದೆವು. ರಾತ್ರಿ ಮಂಜಿನಲ್ಲಿ ನಿಂತದ್ದಕ್ಕೆ ಶೀತವಾಯು ಹೊಡೆದಿರಬೇಕು ಎಂದರು ಒಬ್ಬರು. ಬಿಸಿ ಕಾಫಿ ಕುಡಿಸಿ ಎಂದರು ಇನ್ನೊಬ್ಬರು. ಕುಡಿಸಿದ್ದು ನೆತ್ತಿಗೇರಿ ಕೆಮ್ಮಿದ. 'ಸ್ವಲ್ಪ ಹೊತ್ತು ಮಲಗಲಿ, ಸರಿಹೋಗುತ್ತದೆ' ಎಂದವನು ನಾನೇ. ಆಳುಗಳು ಗದ್ದೆಯಾಚೆ ಕಾಯುತ್ತಿದ್ದರು. ಅವರಿಗೆ ಕೆಲಸ ತೋರಿಸಲು ಹೋದೆ. ಹತ್ತು ಗಂಟೆಗೆ ಬಂದು ನೋಡಿದರೆ ಬಲಗಾಲೂ ಬಿದ್ದುಹೋಗಿತ್ತು. ಆಗ ಎಣ್ಣೆ ತಿಕ್ಕುವವರನ್ನು ಕರೆಸಿದೆವು. ಅವರು ಬಂದು ತಿಕ್ಕಿ ಹೋಗುವಷ್ಟರಲ್ಲಿ ಊಟದ ಹೊತ್ತು ಮೀರಿತು. ಸಂಜೆ ಪೇಟೆಯ ವೈದ್ಯರು ನೋಡಿ, ಒಂದು ನಿಮಿಷವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಘಾಟಿ ಇಳಿದು, ತಲೆಯ ಸ್ಕ್ಯಾನ್ ಆಗುವಾಗ ರಾತ್ರಿ ಎಂಟು ದಾಟಿತ್ತು.

ಅಲ್ಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: 'ಇವರು ಕೊನೆಯ ಸಲ ಪೂರ್ತಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ?' ಬೆಳಿಗ್ಗೆ ಆರೂವರೆ ಎಂದೆ. ಅವರು ಪೆನ್ನು ಕೆಳಗಿಟ್ಟರು. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ರಕ್ತದೊತ್ತಡ 210ಕ್ಕೆ 120 ಇತ್ತು. ಅದು ಆ ದಿನ ಒಮ್ಮೆಲೇ ಏರಿದ್ದಲ್ಲ, ಬಹಳ ವರ್ಷದಿಂದ ಇದ್ದಿರಬೇಕು ಎಂದು ಹೃದಯದ ಪರೀಕ್ಷೆ ನೋಡಿ ಹೇಳಿದರು.

ಅಣ್ಣ ಬದುಕಿದ್ದಾನೆ. ಜಗಲಿಯ ಮೇಲೆ ಕೂರುತ್ತಾನೆ. ಬಲಗೈ ಆಡುವುದಿಲ್ಲ. ಹೇಳಬೇಕಾದ್ದು ಮನಸ್ಸಿನಲ್ಲಿರುತ್ತದೆ, ಬಾಯಿಗೆ ಬರುವುದಿಲ್ಲ. ಕೊಯ್ಲಿನ ಲೆಕ್ಕ, ಆಳಿನ ಲೆಕ್ಕ, ಸಂಘದ ಸಾಲದ ಕಂತು ಎಲ್ಲ ಅತ್ತಿಗೆಯ ತಲೆಯ ಮೇಲೆ ಬಂದಿದೆ.

ಪೈಪು ಕಟ್ಟುವುದು, ಪೈಪು ಒಡೆಯುವುದು

ಆಮೇಲೆ ನಾನು ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ.

ನಮ್ಮ ಮಿದುಳಿನ ತೂಕ ಸುಮಾರು 1,400 ಗ್ರಾಂ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದು ದಾಸ್ತಾನು ಇಟ್ಟುಕೊಳ್ಳುವ ಅಂಗವಲ್ಲ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಜೀವಕೋಶಗಳು ಸಾಯತೊಡಗುತ್ತವೆ. ಒಂದು ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ, ನಿಮಿಷವೊಂದಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಪ್ರಕಟವಾದ ಒಂದು ಲೆಕ್ಕ ಹೇಳುತ್ತದೆ. ನಾನು ಆಳುಗಳಿಗೆ ಕೆಲಸ ತೋರಿಸಲು ಹೋದ ಆ ಮೂರು ಗಂಟೆಯನ್ನು ಇದರಿಂದ ಗುಣಿಸಿ ನೋಡುವ ಧೈರ್ಯ ನನಗಿಲ್ಲ.

ನಾವು ಲಕ್ವ, ಪಾರ್ಶ್ವವಾಯು ಎಂದು ಕರೆಯುವ, ಈಗ ಎಲ್ಲರೂ ಸ್ಟ್ರೋಕ್ ಎನ್ನುವ ಕಾಯಿಲೆ ಮುಖ್ಯವಾಗಿ ಎರಡು ಬಗೆ. ಹೂಮಳೆಗೆ ಬದಲು ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಒಂದು, ಪೈಪಿನೊಳಗೆ ಕಸ ಸಿಕ್ಕಿ ನೀರು ಮುಂದೆ ಹೋಗದಿರುವುದು. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುವುದು ಇದೇ. ಹೆಚ್ಚಿನ ಸ್ಟ್ರೋಕ್‌ಗಳು ಈ ಬಗೆಯವು. ಇನ್ನೊಂದು, ಒತ್ತಡ ತಾಳದೆ ಪೈಪೇ ಒಡೆಯುವುದು. ಮಿದುಳಿನಲ್ಲಿ ರಕ್ತಸ್ರಾವ ಎಂದರೆ ಇದು. ಸಂಖ್ಯೆಯಲ್ಲಿ ಕಡಿಮೆಯಾದರೂ ಪ್ರಾಣ ತೆಗೆಯುವುದರಲ್ಲಿ ಇದೇ ಮುಂದು.

ಒಡೆಯುವುದು ಎಲ್ಲಿ? ಮೇನ್ ಲೈನಿನಿಂದ ನೇರವಾಗಿ ಕವಲೊಡೆದ ಸಣ್ಣ ಪೈಪು ಮೊದಲು ಸೋಲುವುದನ್ನು ನಾವು ತೋಟದಲ್ಲಿ ನೋಡಿದ್ದೇವೆ. ಮಿದುಳಿನ ಆಳದಲ್ಲೂ ದೊಡ್ಡ ನಾಳಗಳಿಂದ ಕವಲೊಡೆದ ಕೂದಲಿನಂಥ ಸಣ್ಣ ನಾಳಗಳಿವೆ. ವರ್ಷಾನುಗಟ್ಟಲೆ ಏರಿದ ರಕ್ತದೊತ್ತಡ ಇವುಗಳ ಗೋಡೆಯನ್ನು ಸವೆಸುತ್ತದೆ. ಒಂದು ದಿನ ಅವು ಬಿರಿಯುತ್ತವೆ. ಹೊರಬಂದ ರಕ್ತ ಹೋಗಲು ಜಾಗವಿಲ್ಲ, ಏಕೆಂದರೆ ಸುತ್ತಲೂ ತಲೆಬುರುಡೆ. ಅದು ಪಕ್ಕದ ಮಿದುಳನ್ನೇ ಒತ್ತುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಈ ರಕ್ತದ ಗಡ್ಡೆ ಇನ್ನೂ ಬೆಳೆಯುವುದುಂಟು. ಇನ್ನು ಕೆಲವರಲ್ಲಿ ನಾಳದ ಗೋಡೆ ಬಲೂನಿನಂತೆ ಉಬ್ಬಿದ ಕಡೆ ಒಡೆದು, ಮಿದುಳಿನ ಹೊರಮೈ ಸುತ್ತ ರಕ್ತ ಹರಡುತ್ತದೆ. ಹುಟ್ಟಿದ ಮೇಲೆ ಎಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಹೊಡೆದರೆ ಇದನ್ನು ಶಂಕಿಸಬೇಕು.

ಮನೆಯಲ್ಲಿ ಕುಳಿತು ಇದು ಕಟ್ಟಿದ್ದೋ ಒಡೆದದ್ದೋ ಎಂದು ಯಾರಿಂದಲೂ ಹೇಳಲು ಸಾಧ್ಯವಿಲ್ಲ. ಎಷ್ಟೇ ಅನುಭವಿ ಡಾಕ್ಟರಾದರೂ ಕೈ ಹಿಡಿದು ನೋಡಿ ಖಚಿತವಾಗಿ ಹೇಳಲಾರರು. ಅದಕ್ಕೆ ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಈ ಯಂತ್ರದಿಂದ ಮೊದಲ ರೋಗಿಯ ತಲೆ ನೋಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ. ಅದನ್ನು ರೂಪಿಸಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರಿಗೆ 1979ರಲ್ಲಿ ನೊಬೆಲ್ ಬಹುಮಾನ ಹಂಚಿಕೆಯಾಗಿ ಬಂತು.

ಈ ವ್ಯತ್ಯಾಸ ಏಕೆ ಮುಖ್ಯವೆಂದರೆ, ಒಂದಕ್ಕೆ ಅಮೃತವಾದ ಔಷಧಿ ಇನ್ನೊಂದಕ್ಕೆ ವಿಷ. ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಅದು ಫಲ ಕೊಡುತ್ತದೆಂದು 1995ರಲ್ಲಿ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. ಆಗ ಮೂರು ಗಂಟೆಯೊಳಗೆ ಕೊಡಬೇಕು ಎಂದಿತ್ತು. 2008ರಲ್ಲಿ ಬಂದ ಪರೀಕ್ಷೆ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ನಾಳ ಕಟ್ಟಿದ್ದರೆ ತೊಡೆ ಅಥವಾ ಕೈಯ ನಾಳದ ಮೂಲಕ ತಂತಿ ಕಳಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನ 2015ರಿಂದ ಸ್ಥಿರಪಟ್ಟಿದೆ. ಅದನ್ನು ಸಾಮಾನ್ಯವಾಗಿ ಆರು ಗಂಟೆಯೊಳಗೆ, ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ 24 ಗಂಟೆಯವರೆಗೂ ಮಾಡುತ್ತಾರೆ. ಆದರೆ ನಾಳ ಒಡೆದವನಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಅವನ ಕಥೆ ಮುಗಿದಂತೆ. ಅವನಿಗೆ ಬೇಕಾದದ್ದು ರಕ್ತದೊತ್ತಡವನ್ನು ಜೋಪಾನವಾಗಿ ಬೇಗ ಇಳಿಸುವುದು, ಮೊದಲೇ ರಕ್ತ ತೆಳುಮಾಡುವ ಔಷಧಿ ತಿನ್ನುತ್ತಿದ್ದರೆ ಅದರ ಪ್ರಭಾವ ತೆಗೆಯುವುದು, ಬೇಕಾದರೆ ಶಸ್ತ್ರಚಿಕಿತ್ಸೆ. ಇವೆಲ್ಲಕ್ಕೂ ಗಡಿಯಾರವೇ ಯಜಮಾನ.

ಆದ್ದರಿಂದಲೇ ಮೊಬೈಲಿನಲ್ಲಿ ಬಂದ ಸಲಹೆ ನೋಡಿ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು ತಪ್ಪು. ಅದು ಒಡೆದ ನಾಳವಾಗಿದ್ದರೆ ನಾವೇ ಬೆಂಕಿಗೆ ತುಪ್ಪ ಸುರಿದಂತೆ.

ಒಬ್ಬ ಅಧ್ಯಕ್ಷನ ತಲೆನೋವು

ಒಡೆಯುವ ಬಗೆಯ ಸ್ಟ್ರೋಕಿಗೆ ಜಗತ್ತೇ ಬಲ್ಲ ಒಂದು ಉದಾಹರಣೆ ಇದೆ. ಹಳೆಯದಾದರೂ ನಮಗೆ ಪಾಠ ಹೇಳುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯೆನ್ ಎಂಬ ಹೃದಯತಜ್ಞರು ಅವರನ್ನು ಪರೀಕ್ಷಿಸಿದಾಗ ರಕ್ತದೊತ್ತಡ 186ಕ್ಕೆ 108 ಇತ್ತು. ವಿಶ್ರಾಂತಿ, ಉಪ್ಪು ಕಡಿಮೆ, ಸಿಗರೇಟು ಕಡಿಮೆ, ಹೃದಯಕ್ಕೆ ಡಿಜಿಟಾಲಿಸ್ ಎಂಬ ಹಳೆಯ ಔಷಧಿ — ಅಂದಿನ ವೈದ್ಯರ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ರಕ್ತದೊತ್ತಡ ಇಳಿಸಿ ನಿಲ್ಲಿಸುವ ಒಳ್ಳೆಯ ಮಾತ್ರೆ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಚಿತ್ರಕಾರರೊಬ್ಬರು ಅವರ ಭಾವಚಿತ್ರ ಬರೆಯುತ್ತಿದ್ದ ಹೊತ್ತಿಗೆ, ತಲೆಯ ಹಿಂಭಾಗ ಭಯಂಕರವಾಗಿ ನೋಯುತ್ತಿದೆ ಎಂದು ಹೇಳಿ ಕುಸಿದರು. ಆಗ ಅಳೆದ ಒತ್ತಡ 300ನ್ನು ಮುಟ್ಟಿತ್ತು. ಎರಡೂವರೆ ಗಂಟೆಯಲ್ಲಿ ಪ್ರಾಣ ಹೋಯಿತು. ಕಾರಣ ಮಿದುಳಿನ ರಕ್ತಸ್ರಾವ. ಅವರಿಗೆ 63 ವರ್ಷ. ಅವರ ಆರೋಗ್ಯ ವಯಸ್ಸಿಗೆ ತಕ್ಕಂತೆ ಚೆನ್ನಾಗಿದೆ ಎಂದು ಅವರ ಖಾಸಗಿ ವೈದ್ಯರು ದೇಶಕ್ಕೆ ಹೇಳುತ್ತಾ ಬಂದಿದ್ದರು.

ಇದಾಗಿ ನಾಲ್ಕೇ ವರ್ಷಕ್ಕೆ, 1949ರಲ್ಲಿ, ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅವರು ಒಂದು ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆ ಎಂದು ಬ್ರಿಟನ್ನಿನ ಹೃದಯ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಬೇರು ಬೇರೆ ಯಾವುದೂ ಅಲ್ಲ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಇರುವ ಸರ್ಪಗಂಧಿ. 1952ರಲ್ಲಿ ಅದರೊಳಗಿನ ರಿಸರ್ಪಿನ್ ಎಂಬ ಸತ್ವವನ್ನು ಸ್ವಿಟ್ಜರ್ಲೆಂಡಿನಲ್ಲಿ ಬೇರ್ಪಡಿಸಿದರು. ರಕ್ತದೊತ್ತಡಕ್ಕೆ ಲೋಕಕ್ಕೆ ಸಿಕ್ಕ ಮೊದಮೊದಲ ಪರಿಣಾಮಕಾರಿ ಮಾತ್ರೆಗಳಲ್ಲಿ ಅದೂ ಒಂದು. ಈ ಮಾತು ಕೇಳಿ ಯಾರೂ ಬೇರು ಕುದಿಸಿ ಕುಡಿಯಲು ಹೊರಡಬಾರದು. ಅದರ ಪ್ರಮಾಣ ತಪ್ಪಿದರೆ ಅಪಾಯ, ಮನಸ್ಸು ಕುಗ್ಗಿಸುವ ದೋಷವೂ ಅದಕ್ಕಿದೆ. ಅದಕ್ಕಿಂತ ನಿರಪಾಯವಾದ ಮಾತ್ರೆಗಳು ಬಂದ ಮೇಲೆ ವೈದ್ಯರು ಅದನ್ನು ಹೆಚ್ಚಾಗಿ ಬಿಟ್ಟಿದ್ದಾರೆ.

1967 ಮತ್ತು 1970ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಂದ ಬಂದ ಎರಡು ವರದಿಗಳು, ಏರಿದ ಒತ್ತಡವನ್ನು ಮಾತ್ರೆಯಿಂದ ಇಳಿಸಿದರೆ ಸ್ಟ್ರೋಕ್ ಕಡಿಮೆಯಾಗುತ್ತದೆ ಎಂಬುದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿದವು. ಮೇಲಿನ ಅಂಕಿ ಹತ್ತರಷ್ಟು ಇಳಿದರೂ ಸ್ಟ್ರೋಕಿನ ಅಪಾಯ ಸುಮಾರು ಕಾಲುಭಾಗ ತಗ್ಗುತ್ತದೆ ಎಂದು ಈಚಿನ ಲೆಕ್ಕಗಳೂ ಹೇಳುತ್ತವೆ.

ಈಗ ಯೋಚಿಸಿ. ಜಗತ್ತಿನ ಅತ್ಯಂತ ಬಲಶಾಲಿಯಾದ ಮನುಷ್ಯನಿಗೆ 1945ರಲ್ಲಿ ಸಿಗದಿದ್ದ ಮಾತ್ರೆ ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಜನೌಷಧಿ ಅಂಗಡಿಯಲ್ಲಿ ಒಂದು ಲೋಟ ಕಾಫಿಯ ಬೆಲೆಗಿಂತ ಕಡಿಮೆಗೆ ಒಂದು ದಿನದ ಮಾತ್ರೆ ಬರುತ್ತದೆ. ನನ್ನ ಅಣ್ಣ ಅದನ್ನು ತಿನ್ನಲಿಲ್ಲ. ಬಡತನದಿಂದಲ್ಲ, ಹಟದಿಂದಲೂ ಅಲ್ಲ. ಅವನಿಗೆ ಬೇಕು ಎಂದು ಯಾರೂ ಅಳೆದು ಹೇಳಿರಲಿಲ್ಲ, ಅಷ್ಟೆ.

ನೋವಿಲ್ಲದ ಕಾಯಿಲೆ

ರಕ್ತದೊತ್ತಡದ ಮೋಸ ಇರುವುದೇ ಇಲ್ಲಿ. ಅದು ನೋಯುವುದಿಲ್ಲ. ತಲೆ ಸುತ್ತಿದರೆ ಬಿ.ಪಿ., ಇಲ್ಲದಿದ್ದರೆ ಇಲ್ಲ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸುರಾಗಿಯೇ ಇರುತ್ತದೆ. ಎಲೆ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕಾಂಡದೊಳಗೆ ಕೆಲಸ ಮುಗಿದಿರುತ್ತದೆ. ಅದಕ್ಕೇ ಅಲ್ಲವೇ ನಾವು ವರ್ಷಕ್ಕೆರಡು ಸಲ ಗಿಡಗಿಡ ಹುಡುಕುವುದು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ 24, ಹೆಂಗಸರಲ್ಲಿ ನೂರಕ್ಕೆ 21 ಜನರಿಗೆ ರಕ್ತದೊತ್ತಡ ಏರಿದೆ, ಅಥವಾ ಅವರು ಅದಕ್ಕೆ ಮಾತ್ರೆ ತಿನ್ನುತ್ತಿದ್ದಾರೆ. ಡಿಪೋದ ಸಾಲಿಗೆ ಈ ಲೆಕ್ಕ ಹಾಕಿದರೆ ನಾಲ್ಕೈದು ಜನಕ್ಕೊಬ್ಬರು.

ಅಳೆಯುವುದಕ್ಕೂ ಕ್ರಮವಿದೆ. ಐದು ನಿಮಿಷ ಬೆನ್ನು ಒರಗಿಸಿ ಕೂರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ ಇರಬೇಕು. ಅದಕ್ಕೆ ಮೊದಲು ಅರ್ಧ ಗಂಟೆ ಕಾಫಿ, ಬೀಡಿ ಬೇಡ. ಒಂದೇ ಸಲದ ಅಂಕಿ ನಂಬದೆ, ಬೇರೆ ಬೇರೆ ದಿನ ಅಳೆದಾಗಲೂ 140ಕ್ಕೆ 90ರಷ್ಟು ಅಥವಾ ಹೆಚ್ಚು ಇದ್ದರೆ ವೈದ್ಯರನ್ನು ಕಾಣಬೇಕು. ಮಾತ್ರೆ ಶುರುವಾದ ಮೇಲೆ 'ಈಗ ನಾರ್ಮಲ್ ಆಗಿದೆ' ಎಂದು ನಿಲ್ಲಿಸುವುದು ನಮ್ಮವರ ಸಾಮಾನ್ಯ ತಪ್ಪು. ನಾರ್ಮಲ್ ಆಗಿರುವುದು ಮಾತ್ರೆಯಿಂದ. ಮೈಲುತುತ್ತ ಹೊಡೆದು ಕೊಳೆರೋಗ ಬರಲಿಲ್ಲವೆಂದು ಮುಂದಿನ ಮಳೆಗಾಲ ಬೋರ್ಡೋ ನಿಲ್ಲಿಸುತ್ತೇವೆಯೇ?

ಊಟದ ಮಾತನ್ನೂ ಹೇಳಲೇಬೇಕು. ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚೆಯೊಳಗೆ, ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಒಣಮೀನು ಇವೆಲ್ಲ ಇರುವ ನಮ್ಮ ಮಳೆಗಾಲದ ಊಟದಲ್ಲಿ ಇದು ಎಲ್ಲಿ ನಿಲ್ಲುತ್ತದೆ ಎಂದು ಗೃಹಿಣಿಯರೇ ಲೆಕ್ಕ ಹಾಕಲಿ. ಬಿಡಿ ಎನ್ನುವುದಿಲ್ಲ, ತಗ್ಗಿಸಿ ಎನ್ನುತ್ತೇನೆ. ಹೊಗೆಸೊಪ್ಪು ಮಾತ್ರ ಬಿಡಲೇಬೇಕು, ಅದು ಬೀಡಿಯಲ್ಲಿರಲಿ, ಎಲೆಯಡಿಕೆಯೊಳಗಿರಲಿ. ಬರಿಯ ಅಡಿಕೆಯನ್ನು ಸದಾ ಬಾಯಲ್ಲಿಟ್ಟುಕೊಳ್ಳುವುದೂ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಅಡಿಕೆ ಬೆಳೆದು ಬದುಕುವ ನಾನೇ ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೂ ಸುಳ್ಳು ಬರೆಯಲಾರೆ. ಕಾಫಿಯ ಬಗ್ಗೆ ಕೇಳುವವರಿಗೆ ಸಮಾಧಾನದ ಸಂಗತಿಯುಂಟು: ದಿನಕ್ಕೆ ಎರಡು ಮೂರು ಲೋಟ ಹಿತಮಿತವಾಗಿ ಕುಡಿಯುವವರಲ್ಲಿ ಸ್ಟ್ರೋಕ್ ಹೆಚ್ಚಿಲ್ಲ ಎಂದೇ ಇದುವರೆಗಿನ ದೊಡ್ಡ ಅಧ್ಯಯನಗಳು ಕಂಡಿವೆ.

ಬಂದೇ ಬಿಟ್ಟರೆ

ನಾಲ್ಕು ಸಂಗತಿ ಮನೆಯ ಮಕ್ಕಳಿಗೂ ಬಾಯಿಪಾಠವಾಗಬೇಕು. ಮುಖ: ನಗಲು ಹೇಳಿ, ಬಾಯಿ ಒಂದು ಕಡೆ ವಾಲುತ್ತದೆಯೇ? ಕೈ: ಎರಡೂ ಕೈ ಎತ್ತಿಸಿ, ಒಂದು ಕೆಳಗೆ ಬೀಳುತ್ತದೆಯೇ? ಮಾತು: ಒಂದು ವಾಕ್ಯ ಹೇಳಿಸಿ, ತೊದಲುತ್ತದೆಯೇ? ಇವುಗಳಲ್ಲಿ ಒಂದೇ ಒಂದು ಇದ್ದರೂ ನಾಲ್ಕನೆಯದು ಸಮಯ: ಗಡಿಯಾರ ನೋಡಿ ಬರೆದುಕೊಳ್ಳಿ, ಹೊರಡಿ. ಒಮ್ಮೆಲೇ ಒಂದು ಕಣ್ಣು ಮಂಜಾಗುವುದು, ನಡೆಯುವಾಗ ಜೋಲಿ ತಪ್ಪುವುದು, ಸಿಡಿಲಿನಂಥ ತಲೆನೋವು ಇವೂ ಎಚ್ಚರಿಕೆಯೇ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಯಿತೆಂದು ಸುಮ್ಮನಾಗಬೇಡಿ. ಅದು ದೊಡ್ಡ ಸ್ಟ್ರೋಕಿನ ಮುನ್ಸೂಚನೆಯಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬಾರದು. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒತ್ತಡ ಇಳಿಸಲೆಂದು ಮನೆಯಲ್ಲಿರುವ ಬಿ.ಪಿ. ಮಾತ್ರೆ ನುಂಗಿಸುವುದೂ ಬೇಡ. ಪ್ರಜ್ಞೆ ತಪ್ಪಿದ್ದರೆ ಮಗ್ಗುಲಾಗಿ ಮಲಗಿಸಬೇಕು. ದಿನವೂ ತಿನ್ನುವ ಮಾತ್ರೆಗಳ ಚೀಟಿ ಜೊತೆಗಿರಲಿ. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ನಿಮಿತ್ತ ಕೇಳುವುದು, ಇವುಗಳಲ್ಲಿ ಕಳೆದ ಗಂಟೆ ಮರಳಿ ಬರುವುದಿಲ್ಲ. ಹಿರಿಯರ ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಮೈಕೈ ಆಡಿಸುವ ಕ್ರಮಬದ್ಧ ವ್ಯಾಯಾಮಕ್ಕೆ ಆಮೇಲೆ ತಿಂಗಳುಗಟ್ಟಲೆ ಕಾಲವಿದೆ. ಮೊದಲ ನಾಲ್ಕೂವರೆ ಗಂಟೆ ಮಾತ್ರ ಬೇರೆ ಯಾವುದಕ್ಕೂ ಸೇರಿದ್ದಲ್ಲ.

ಹೋಗುವುದು ಎಲ್ಲಿಗೆ? ಹತ್ತಿರದ ಆಸ್ಪತ್ರೆಗೆ ಎನ್ನುವುದು ಸಾಲದು. ಹಗಲಿರುಳೂ ಸಿ.ಟಿ. ಸ್ಕ್ಯಾನ್ ಮಾಡುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಅದು ಯಾವುದೆಂದು ಸ್ಟ್ರೋಕ್ ಬಂದ ದಿನ ವಿಚಾರಿಸಲು ಹೊರಟರೆ ಕೆಟ್ಟೆವು.

ಸಂಘದ ಮುಂದೆ ನನ್ನ ವಿನಂತಿ

ಇಲ್ಲಿಗೆ ಸಂಘದ ಕೆಲಸ ಬಂತು. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಮೂರು ಸಂಗತಿಗಳನ್ನು ಚರ್ಚೆಗೆ ಇಡಬೇಕೆಂದು ಆಡಳಿತ ಮಂಡಳಿಯನ್ನು ಕೇಳುತ್ತೇನೆ.

ಒಂದು: ಪ್ರತಿ ಡಿಪೋದಲ್ಲಿ ತೇವಾಂಶದ ಮೀಟರಿನ ಪಕ್ಕದಲ್ಲಿ ರಕ್ತದೊತ್ತಡ ಅಳೆಯುವ ಯಂತ್ರ ಇರಲಿ. ಒಳ್ಳೆಯದೊಂದು ಎರಡು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಚೀಲ ತೂಗುವವರೆಗೆ ಹೇಗೂ ಕಾಯುತ್ತೇವೆ, ಆ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಅಳೆಸಿಕೊಳ್ಳೋಣ. ಅಂಕಿಯನ್ನು ಒಂದು ಸಣ್ಣ ಚೀಟಿಯಲ್ಲಿ ಬರೆದು ಸದಸ್ಯನಿಗೇ ಕೊಡಲಿ. ಸಂಘದ ಪುಸ್ತಕಕ್ಕೆ ಬೇಡ. ಹೆಚ್ಚಿದ್ದವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದರೆ ಸಾಕು.

ಎರಡು: ನಮ್ಮ ವ್ಯಾಪ್ತಿಯ ಯಾವ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸ್ಕ್ಯಾನ್ ಆಗುತ್ತದೆ, ಯಾವ ದಾರಿಯಲ್ಲಿ ಎಷ್ಟು ಹೊತ್ತು ಎಂಬುದನ್ನು ಕಾರ್ಯದರ್ಶಿಗಳು ವಿಚಾರಿಸಿ, ಒಂದು ಕಾರ್ಡಿನಲ್ಲಿ ಅಚ್ಚುಹಾಕಿಸಿ ಪ್ರತಿ ಮನೆಗೆ ಕೊಡಲಿ. ವರ್ಷಕ್ಕೊಮ್ಮೆ ಅದನ್ನು ತಿದ್ದಲಿ. ಮಳೆಗಾಲದಲ್ಲಿ ಘಾಟಿ ಕುಸಿದರೆ ಪರ್ಯಾಯ ದಾರಿ ಯಾವುದು ಎಂಬುದೂ ಅದರಲ್ಲಿರಲಿ.

ಮೂರು: 108 ಆಂಬುಲೆನ್ಸಿಗೆ ಕರೆ ಮಾಡುವುದು ಮೊದಲ ಕೆಲಸ, ಸರಿ. ಆದರೆ ನೆಟ್‌ವರ್ಕ್ ಸಿಗದ, ಕೊನೆಯ ಎರಡು ಮೈಲಿ ಜೀಪು ಮಾತ್ರ ಹೋಗುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಪ್ರತಿ ಗ್ರಾಮದಲ್ಲಿ ರಾತ್ರಿಹಗಲು ಕರೆದರೆ ಬರಲು ಒಪ್ಪಿದ ಮೂರು ವಾಹನದವರ ಹೆಸರು ಪಟ್ಟಿಯಾಗಿರಲಿ. ಬಾಡಿಗೆಯನ್ನು ಸಂಘ ಮೊದಲು ಕೊಟ್ಟು ಆಮೇಲೆ ಸದಸ್ಯನ ಖಾತೆಗೆ ಹಾಕಿಕೊಳ್ಳಬಹುದು. ಗೊಬ್ಬರವನ್ನು ಸಾಲಕ್ಕೆ ಕೊಡುವ ಸಂಘಕ್ಕೆ ಇದೇನೂ ಭಾರವಲ್ಲ.

'ಇದು ಆಸ್ಪತ್ರೆಯ ಕೆಲಸ, ಸರಕಾರದ ಕೆಲಸ. ನಮ್ಮ ಸಂಘ ಇರುವುದು ಬೆಳೆಗೆ ಬೆಲೆ ಕೊಡಿಸಲು' ಎಂದು ಕೆಲವರು ಹೇಳುವರು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ನಿರ್ದೇಶಕರಿಗೆ ಮಾರುಕಟ್ಟೆಯ ತಲೆನೋವೇ ಸಾಕಷ್ಟಿದೆ. ಆದರೆ ನಾನು ಕೇಳುತ್ತಿರುವುದು ಆಸ್ಪತ್ರೆಯನ್ನಲ್ಲ. ಒಂದು ಯಂತ್ರ, ಒಂದು ಕಾರ್ಡು, ಒಂದು ಪಟ್ಟಿ. ಸಣ್ಣ ಬೆಳೆಗಾರನ ತೋಟಕ್ಕೆ ಮ್ಯಾನೇಜರು ಇರುವುದಿಲ್ಲ. ಯಜಮಾನ ಮಲಗಿದರೆ ಕೊಯ್ಲು ನಿಂತಿತು, ಔಷಧಿ ಹೊಡೆಯುವುದು ತಪ್ಪಿತು, ಸಾಲದ ಕಂತು ಬಾಕಿಯಾಯಿತು. ಸಂಘದ ಲೆಕ್ಕದಿಂದ ನೋಡಿದರೂ ಸದಸ್ಯನ ರಕ್ತದೊತ್ತಡ ಅಳೆಯುವುದು ನಷ್ಟದ ಬಾಬಲ್ಲ.

ಈ ಸೌಕರ್ಯ ಷೇರುದಾರರಿಗೆ ಮಾತ್ರ ಎಂದು ಬೇಲಿ ಹಾಕಬಾರದು ಎಂಬುದೂ ನನ್ನ ಕೋರಿಕೆ. ಲೈನ್ ಮನೆಗಳಲ್ಲಿರುವ ಆಳುಗಳು, ಅಡಿಕೆ ಮರ ಹತ್ತುವ ಕೊನೆಗಾರರು, ಮನೆಯ ಹೆಂಗಸರು ಇವರೆಲ್ಲರ ಕೈಗೂ ಆ ಪಟ್ಟಿ ಸುತ್ತಬೇಕು. ಯಂತ್ರಕ್ಕೆ ಷೇರು ನಂಬರು ಬೇಕಿಲ್ಲ.

ಕಳೆದ ವಾರ ಅಣ್ಣನನ್ನು ಜೀಪಿನಲ್ಲಿ ಕೂರಿಸಿಕೊಂಡು ಡಿಪೋಗೆ ಹೋಗಿದ್ದೆ. ಮೀಟರಿನಲ್ಲಿ ಅಂಕಿ ಬಂದಾಗ ಅವನು ಎಡಗೈ ಎತ್ತಿ ಅದನ್ನು ತೋರಿಸಿದ. ಏನೋ ಹೇಳಬೇಕೆಂದಿದ್ದ, ಬರಲಿಲ್ಲ. ತೇವಾಂಶ ಸರಿಯಾಗಿದೆ ಎಂದನೋ, ಹೆಚ್ಚಾಯಿತು ಎಂದನೋ ನನಗೆ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಈ ಕಾಗದ ಬರೆಯಲು ಕುಳಿತೆ.

ನನ್ನದು ಈಗ 132ಕ್ಕೆ 84, ದಿನಕ್ಕೊಂದು ಮಾತ್ರೆಯ ಮೇಲೆ. ನಿಮ್ಮದು ಎಷ್ಟು? ಮಹಾಸಭೆಗೆ ಬರುವಾಗ ಆ ಅಂಕಿಯನ್ನು ತಿಳಿದುಕೊಂಡು ಬರಬೇಕಾಗಿ ಸಕಲ ಸದಸ್ಯ ಬಂಧುಗಳಲ್ಲಿ ವಿನಂತಿ.

— ಒಬ್ಬ ಸದಸ್ಯ ಬೆಳೆಗಾರ